ಪಂಚಾಯ್ತಿ ಗ್ರಂಥಾಲಯದಾಗಿನ ಪುಸ್ತಕ ತಗೀರಿ ಅಂತ ಬಾಯಿಮಾತಿಲೇ ಹೇಳಿದ್ರ ಏನ್ ಮಾಡ್ಬೇಕ್ರಿ?

ರೋಣದ_ಓದುಗ:
ನಮಸ್ಕಾರ್ರಿ. ಗದಗ ಜಿಲ್ಲಾದ ಒಂದು ಗ್ರಾಮ ಪಂಚಾಯ್ತಿ ಅರಿವು ಕೇಂದ್ರದಾಗ (ಪಂಚಾಯ್ತಿ ಗ್ರಂಥಾಲಯದಾಗ) ನಾಲ್ಕು ಪುಸ್ತಕದ ಮ್ಯಾಲೆ ತಕರಾರು ಬಂದೈತಿ. ಎರಡು ಕಾದಂಬರಿ, ಒಂದು ವೈಚಾರಿಕ ಲೇಖನ ಸಂಗ್ರಹ, ಒಂದು ಮಕ್ಕಳ ಶರೀರ ವಿಜ್ಞಾನದ ಪುಸ್ತಕ. ಬಂದವರು "ಇವು ಬ್ಯಾನ್ ಆಗ್ಯಾವ, ತಗೀರಿ" ಅಂದು ಹೋದ್ರು, ಬರದು ಏನೂ ಕೊಟ್ಟಿಲ್ಲ. ಪಿಡಿಒ ಸಾಹೇಬ್ರು "ಸದ್ಯಕ್ಕ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ರಿ" ಅಂದಾರ. ಗ್ರಂಥಾಲಯದ ಮೇಲ್ವಿಚಾರಕರು ನಡುವ ಸಿಕ್ಕೊಂಡಾರ. ಪುಸ್ತಕ ರ‍್ಯಾಕಿನ್ಯಾಗ ಉಳೀಬೇಕು, ಅವರ ನೌಕರಿಗೂ ಧಕ್ಕಿ ಬರಬಾರದು. ದಾರಿ ಏನೈತ್ರಿ?

ಅಕ್ಸೆಷನ್_ರಿಜಿಸ್ಟರ್ (ಧಾರವಾಡ):
ಆ "ಸದ್ಯಕ್ಕ" ಅನ್ನೋದ ದೊಡ್ಡ ತೊಂದರಿ ನೋಡ್ರಿ. ಆದೇಶ ಇಲ್ಲದ ಎತ್ತಿಟ್ಟ ಪುಸ್ತಕ ರಿಜಿಸ್ಟರಿನ್ಯಾಗ ಇರತೈತಿ, ರ‍್ಯಾಕಿನ್ಯಾಗ ಇರೂದಿಲ್ಲ. ಸ್ಟಾಕ್ ತಪಾಸಣಿ ದಿನ ಅದು ಕಳದ ಪುಸ್ತಕದ ಲೆಕ್ಕಕ್ಕ ಬಿದ್ರ ವಸೂಲಿ ಬರೂದು ಮೇಲ್ವಿಚಾರಕರ ಕೊಳ್ಳಿಗೆ. ಬಾಯಿಲೇ ಹೇಳಿದವರು ಅಷ್ಟೊತ್ತಿಗೆ ವರ್ಗ ಆಗಿ ಹೋಗಿರ್ತಾರ.

ಮೊದಲ ಒಂದು ಪತ್ರ ಆಗಬೇಕು. ನಾಲ್ಕೂ ಪುಸ್ತಕದ ಅಕ್ಸೆಷನ್ ನಂಬರ್ (ಗ್ರಂಥಾಲಯದ ರಿಜಿಸ್ಟರಿನ್ಯಾಗ ಆ ಪುಸ್ತಕಕ್ಕ ಕೊಟ್ಟ ನಂಬರ್), ಲೇಖಕರು, ಪ್ರಕಾಶಕರು, ಬೆಲಿ, ಖರೀದಿಯೋ ದೇಣಿಗಿಯೋ ಎಲ್ಲಾ ಬರದು, ಕೆಳಗ "ಮೌಖಿಕವಾಗಿ ತಿಳಿಸಿದಂತೆ ಇವುಗಳನ್ನು ಓದುಗರಿಗೆ ನೀಡಬಾರದೆಂದಾದರೆ ದಯವಿಟ್ಟು ಕಾರಣ ಸಹಿತ ಲಿಖಿತ ಆದೇಶ ನೀಡಿ" ಅಂತ ಸೇರಸ್ರಿ. ಮೇಲ್ವಿಚಾರಕರ ಸಹಿ ಹಾಕಿ ಪಂಚಾಯ್ತಿ ಆವಕದಾಗ (ಬಂದ ಪತ್ರ ದಾಖಲ್ ಮಾಡೂ ಕಡೆ) ಕೊಟ್ಟು, ನಕಲಿನ ಮ್ಯಾಲೆ ಸಿಕ್ಕಾ, ತಾರೀಖು, ಆವಕ ನಂಬರ್ ತಗೋಬೇಕು. ಜಗಳ ಬ್ಯಾಡ. ಕಾರಣ ಬರದು ಸಹಿ ಹಾಕೂದು ಅಂದಕೂಡ್ಲೆ ಬಹಳ ಮಂದಿ ಹಿಂದ ಸರೀತಾರ.

ತಕರಾರಿನವರಿಗೆ ಒಂದು ಹಾಳಿ ಕೊಡ್ರಿ. ಪುಸ್ತಕದ ಹೆಸರು, ಪೂರ್ತಿ ಓದೀರೇನು, ಯಾವ ಪುಟ, ಯಾವ ಸಾಲು, ಏನು ಆಗಬೇಕು, ಹೆಸರು, ಸಹಿ. ಇದು ಬಂದ ಮ್ಯಾಲೆ ಹೆಡ್‌ಮಾಸ್ತರು, ಒಬ್ಬ ಪಂಚಾಯ್ತಿ ಸದಸ್ಯರು, ಇಬ್ಬರು ಓದುಗರು (ಒಬ್ಬರಾದ್ರೂ ಹೆಣ್ಣುಮಕ್ಕಳು) ಕೂಡಿ ಇಡೀ ಪುಸ್ತಕ ಓದಿ, ನಡಾವಳಿ ಬರದು, ತಿಂಗಳೊಳಗ ಉತ್ತರ ಕೊಡಲಿ. ಅಲ್ಲೀತನಕ ಪುಸ್ತಕ ರ‍್ಯಾಕಿನ್ಯಾಗ ಇರಬೇಕು. ಮೊದಲ ತಗದು ಆಮ್ಯಾಲೆ ವಿಚಾರ ಮಾಡಿದ್ರ, ಆ ವಿಚಾರ ಎಂದೂ ಮುಗಿಯೂದಿಲ್ಲ.

ಇನ್ನೊಂದು ಚಾಲಾಕಿತನ ಐತಿ. ಹರದದ್ದು, ಗೆದ್ದಲ ಹತ್ತಿದ್ದು, ಹಳೇ ಸಿಲೆಬಸ್ಸಿನ ಗೈಡು ರದ್ದು ಮಾಡೂದು ಸರಿನ. ಆದ್ರ ಆ ಪಟ್ಟಿಯೊಳಗ ತಕರಾರಿನ ಪುಸ್ತಕಾನೂ "ಜೀರ್ಣ" ಅಂತ ತೂರಿಸಿಬಿಡ್ತಾರ. ರದ್ದತಿ ಪಟ್ಟಿಗೆ ಸಹಿ ಬೀಳೂಕಿಂತ ಮೊದಲ ಅಕ್ಸೆಷನ್ ನಂಬರ್ ಒಂದೊಂದಾಗಿ ತಾಳೆ ನೋಡ್ರಿ.

ಕೋರ್ಟ್_ಸರ್ಕಲ್ (ಹುಬ್ಬಳ್ಳಿ):
"ಬ್ಯಾನ್" ಅಂದವರಿಂದ ಗೆಜೆಟ್ ಅಧಿಸೂಚನೆಯ ಸಂಖ್ಯೆ, ದಿನಾಂಕ ಕೇಳಿ. ಪುಸ್ತಕವನ್ನು ಮುಟ್ಟುಗೋಲು ಎಂದು ಘೋಷಿಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 98ರಲ್ಲಿದೆ. 2024ರ ಜುಲೈ 1ಕ್ಕೆ ಮುಂಚೆ ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 95 ಆಗಿತ್ತು. ಆ ಅಧಿಕಾರ ರಾಜ್ಯ ಸರ್ಕಾರದ್ದು. ಪಿಡಿಒಗೂ ಇಲ್ಲ, ಠಾಣೆಗೂ ಇಲ್ಲ, ಯಾವ ಸಂಘಟನೆಗೂ ಇಲ್ಲ. ಅಧಿಸೂಚನೆಯಲ್ಲಿ ಆಧಾರಗಳನ್ನು ಬರೆದಿರಲೇಬೇಕು. ಆಧಾರ ಹೇಳದ ಆದೇಶವನ್ನು ಸುಪ್ರೀಂ ಕೋರ್ಟ್ 1961ರಲ್ಲೇ ಹರನಾಮ್ ದಾಸ್ ಪ್ರಕರಣದಲ್ಲಿ ತಳ್ಳಿಹಾಕಿದೆ.

ಅಧಿಸೂಚನೆ ನಿಜಕ್ಕೂ ಇದ್ದರೆ ಪೊಲೀಸರು ಪ್ರತಿ ಜಪ್ತಿ ಮಾಡಬಹುದು, ತಡೆಯಲು ಹೋಗಬೇಡಿ. ಪಂಚನಾಮೆಯ ಪ್ರತಿ ಕೇಳಿ, ಅಕ್ಸೆಷನ್ ನಂಬರ್ ಅದರಲ್ಲಿ ಬರೆಸಿ. ಈ ಕಲಮಿನಡಿ ಒಳಹೊಕ್ಕು ಹುಡುಕಲು ಮ್ಯಾಜಿಸ್ಟ್ರೇಟರ ವಾರಂಟ್ ಬೇಕು, ಬರುವವರು ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆ ಇರುವಂತಿಲ್ಲ. ಘೋಷಣೆಯನ್ನು ಪ್ರಶ್ನಿಸಲು ಕಲಂ 99ರಡಿ ಹೈಕೋರ್ಟಿಗೆ ಹೋಗಬೇಕು. ಗಡುವು ಗೆಜೆಟ್ ಪ್ರಕಟಣೆಯಿಂದ ಎರಡು ತಿಂಗಳು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳುತ್ತದೆ. ಗಡುವು ಮೀರದಂತೆ ನೋಡಿಕೊಳ್ಳಿ.

ಆಮದು ನಿಷೇಧ ಬೇರೆ ವಿಷಯ. ಅದು ಕಸ್ಟಮ್ಸ್ ಕಾಯ್ದೆಯದು, ವಿದೇಶದಿಂದ ತರಿಸುವುದಕ್ಕೆ ಮಾತ್ರ. 1988ರ ಅಂಥ ಒಂದು ಅಧಿಸೂಚನೆಯನ್ನು ಅಧಿಕಾರಿಗಳಿಗೇ ಹಾಜರುಪಡಿಸಲು ಆಗದೆ, ಅದು ಇಲ್ಲವೆಂದೇ ಭಾವಿಸಬೇಕು ಎಂದು ದೆಹಲಿ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಕಾಗದ ಕೇಳಿ ಅನ್ನುವುದು ಇದಕ್ಕೇ.

ಕರದ_ರಸೀದಿ (ಹಾವೇರಿ):
ಮೇಲ್ವಿಚಾರಕರು ಪತ್ರ ಬರೆಯಲು ಅಂಜಿದರೆ ಓದುಗರೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. "ಯಾಕೆ ತೆಗೆದಿರಿ" ಎಂದು ಬರೆದರೆ ಅದು ಮಾಹಿತಿಯಲ್ಲ, ವಿವರಣೆ ಅಂತ ತಿರಸ್ಕರಿಸುತ್ತಾರೆ. "ಈ ನಂಬರಿನ ಪುಸ್ತಕಗಳನ್ನು ತೆಗೆಯಲು ಹೊರಡಿಸಿದ ಆದೇಶದ ಪ್ರತಿ, ಬಂದ ದೂರಿನ ಪ್ರತಿ, ನಡಾವಳಿಯ ಪ್ರತಿ" ಎಂದು ದಾಖಲೆ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಇನ್ನೊಂದು ಪ್ರತ್ಯೇಕ ಅರ್ಜಿಯಲ್ಲಿ ಗ್ರಂಥಾಲಯ ಕರದ ಲೆಕ್ಕ ಕೇಳಿ. ಆಸ್ತಿ ತೆರಿಗೆಯ ಮೇಲೆ ಶೇ. 6, ಅಂದರೆ 2,000 ರೂಪಾಯಿ ತೆರಿಗೆಗೆ 120. ಎಷ್ಟು ವಸೂಲಾಯಿತು, ಪುಸ್ತಕಕ್ಕೆ, ಪತ್ರಿಕೆಗೆ ಎಷ್ಟು ಹೋಯಿತು, ವರ್ಷವಾರು. ಗ್ರಂಥಾಲಯ ಬಡವಾಗಿದ್ದಷ್ಟೂ ನಾಲ್ಕು ಪುಸ್ತಕ ತೆಗೆಯುವುದು ಸುಲಭ. ಗ್ರಾಮಸಭೆಯಲ್ಲಿ ಇದೇ ಅಂಕಿ ಇಟ್ಟುಕೊಂಡು ಮಾತಾಡಿ, ಮೇಲ್ವಿಚಾರಕರ ಹೆಸರು ಎತ್ತಬೇಡಿ.

ರೋಣದ_ಓದುಗ:
ಬಾಳ ಉಪಕಾರ ಆತ್ರಿ. ಮಕ್ಕಳ ಪುಸ್ತಕದ್ದ ಚಿಂತಿ. ಅದನ್ನ ದೊಡ್ಡವರ ರ‍್ಯಾಕಿಗೆ ಸರಿಸಿದ್ರ ಸಾಕು ಅಂತಾರ.

ಅಕ್ಸೆಷನ್_ರಿಜಿಸ್ಟರ್ (ಧಾರವಾಡ):
ಒಪ್ಪಬ್ಯಾಡ್ರಿ. ಹನ್ನೆರಡು ವರ್ಷದ ಹುಡುಗಿ ದೊಡ್ಡವರ ರ‍್ಯಾಕಿಗೆ ಹೋಗಿ ಕೇಳೂದಿಲ್ಲ. ಸರಿಸೂದೂ ಒಂದ, ತಗಿಯೂದೂ ಒಂದ. ಮಕ್ಕಳಿಗಂತ ಬರದದ್ದಾದ್ರ ಮಕ್ಕಳ ವಿಭಾಗದಾಗ, 612ರ (ಡ್ಯೂಯಿ ವರ್ಗೀಕರಣದಾಗ ಶರೀರ ವಿಜ್ಞಾನದ ನಂಬರ್) ಸಾಲಿನ್ಯಾಗ ಇರಲಿ. ಯಾರಿಗಾದ್ರೂ ತಮ್ಮ ಮಗಳು ಓದೂದು ಬ್ಯಾಡ ಅನಿಸಿದ್ರ, ಆಕಿಯ ಗ್ರಂಥಾಲಯ ಕಾರ್ಡಿನ ಮಟ್ಟಿಗೆ ಬರದು ಕೊಡಲಿ. ಊರ ಮಕ್ಕಳ ಪರವಾಗಿ ಅವರು ಬರಿಯೂದು ಬ್ಯಾಡ. ಮತ್ತ ಒಂದು, ಯಾರು ಯಾವ ಪುಸ್ತಕ ಒಯ್ದಾರ ಅನ್ನೂ ವಿತರಣಾ ರಿಜಿಸ್ಟರ್ ಮೇಜಿನ ಮ್ಯಾಲೆ ತೆರದಿಡಬಾರದು. ತಕರಾರಿನವರು ಮೊದಲ ನೋಡೂದು ಅದನ್ನ.