ಬಿಯರ್‌ಗೆ ಅಂತಾನೇ ಮಾಡಿರೋ ಗ್ಲಾಸ್‌ನಲ್ಲಿ ಕುಡಿದ್ರೆ ನಿಜಕ್ಕೂ ರುಚಿ ಬೇರೆ ಅನ್ಸುತ್ತಾ?

ಸಂಜೆಮಲ್ಲ:

ಭಾವನ ಹುಟ್ಟುಹಬ್ಬ ಬರ್ತಿದೆ, ಮನುಷ್ಯ ಬಿಯರ್ ವಿಷಯದಲ್ಲಿ ಸ್ವಲ್ಪ ಜಾಸ್ತೀನೇ ತಲೆ ಕೆಡಿಸ್ಕೊಳ್ತಾರೆ, ಅದಕ್ಕೆ ಸಂಬಂಧಪಟ್ಟಿದ್ದೇ ಏನಾದ್ರೂ ಕೊಡೋಣ ಅಂತ ಆನ್‌ಲೈನಲ್ಲಿ ಹುಡುಕ್ತಿದ್ದಾಗ ಸ್ಪೀಗೆಲಾವ್ ಅನ್ನೋ ಜರ್ಮನ್ ಕಂಪನಿಯ ಐಪಿಎ (ಹಾಪ್ಸ್ ಅನ್ನೋ ಹೂವಿನ ವಾಸನೆ, ಕಹಿ ಜಾಸ್ತಿ ಇರೋ ಬಿಯರ್) ಗ್ಲಾಸ್ ಕಣ್ಣಿಗೆ ಬಿತ್ತು. ಬುಡ ಸಣ್ಣಕ್ಕೆ, ಸುತ್ತ ಏಣು ಏಣು, ಮೇಲೆ ಹೋಗ್ತಾ ಉಬ್ಬಿ ಬಾಯಿ ಹತ್ರ ಮತ್ತೆ ಒಳಗೆ ಬಾಗಿದೆ. ಅಮೆರಿಕದ ಡಾಗ್‌ಫಿಶ್ ಹೆಡ್, ಸಿಯೆರಾ ನೆವಾಡ ಬ್ರೂವರಿಯವರ ಜೊತೆ ಸೇರಿ 2013ರಲ್ಲಿ ತಂದಿದ್ದಂತೆ. ಎರಡು ಗ್ಲಾಸ್ ರೇಟಿಗೆ ಭಾವನಿಗೆ ಒಂದು ಸಂಜೆ ಪಬ್ಬಲ್ಲೇ ಕುಡಿಸ್ಬೋದು.

ಅವರು ಹೊರಗಡೆ ಹೋದ್ರೆ ಹೆಫೆವೈಜನ್ ಅನ್ನೋ ಜರ್ಮನ್ ಗೋಧಿ ಬಿಯರ್, ಮನೇಲಾದ್ರೆ ಮಾಮೂಲಿ 650 ಎಂಎಲ್ ಲಾಗರ್ ಬಾಟ್ಲಿ. ಗ್ಲಾಸ್ ಬದಲಾಯ್ಸಿದ್ರೆ ಏನಾದ್ರೂ ಗೊತ್ತಾಗುತ್ತಾ ಇಲ್ಲ ಬರೀ ಶೋಕಿನಾ, ಕುಡಿದು ನೋಡಿರೋರು ಹೇಳಿ.

ಟ್ಯಾಪ್ ಹಿಂದಿನವ:

ಬೆಂಗಳೂರಲ್ಲೇ ಒಂದು ಮೈಕ್ರೋಬ್ರೂವರಿಲಿ ಬಿಯರ್ ಸುರಿಯೋದೇ ನನ್ ಕೆಲಸ. ವ್ಯತ್ಯಾಸ ಇದೆ, ಆದ್ರೆ ಬಾಟ್ಲಿಗೆ ಬಾಯಿಟ್ಟು ಕುಡಿಯೋದು ಬಿಟ್ಟು ಯಾವ್ದೋ ಒಂದು ಗ್ಲಾಸಿಗೆ ಸುರ್ಕೊಂಡ್ರೆ ಸಿಗೋ ವ್ಯತ್ಯಾಸದ ಮುಂದೆ ಗ್ಲಾಸಿಂದ ಗ್ಲಾಸಿಗೆ ಸಿಗೋದು ಸಣ್ಣದು. ನಾವು ರುಚಿ ಅನ್ನೋದ್ರಲ್ಲಿ ಹೆಚ್ಚಿನ ಕೆಲಸ ಮೂಗಿಂದು, ಬಾಟ್ಲಿ ಕತ್ತಲ್ಲಿ ಮೂಗಿಗೆ ಜಾಗವೇ ಇಲ್ವಲ್ಲ.

ಹೆಫೆವೈಜನ್ ಉದಾಹರಣೆ ತಗೊಳ್ಳಿ. ಅದ್ರಲ್ಲಿ ಬಾಳೆಹಣ್ಣು ವಾಸನೆ ಬರುತ್ತಲ್ಲ, ಅದು ಯೀಸ್ಟ್ ಮಾಡೋ ಐಸೋಅಮೈಲ್ ಅಸಿಟೇಟ್ ಅನ್ನೋ ಪದಾರ್ಥ, ಲವಂಗದ ವಾಸನೆಗೆ ಇನ್ನೊಂದು. ಎರಡೂ ಗಾಳಿಗೆ ಬೇಗ ಹಾರ್ತವೆ. ಈ ಬಿಯರ್‌ಗೆ ಅಂತಾನೇ ಇರೋ ಉದ್ದನೆ ವೈಜನ್ ಗ್ಲಾಸ್ ಅರ್ಧ ಲೀಟರ್ ಬಿಯರ್ ಹಿಡಿದು ಮೇಲೆ ದಪ್ಪ ನೊರೆಗೂ ಜಾಗ ಬಿಡುತ್ತೆ, ನೊರೆ ಮುಚ್ಚಳದ ತರ ಕೂತು ವಾಸನೆನ ನಿಧಾನಕ್ಕೆ ಬಿಡುತ್ತೆ. ಇದನ್ನೇ ಅಂಚಿನವರೆಗೂ ತುಂಬಿದ ಮಗ್ಗಲ್ಲಿ ಕೊಟ್ರೆ ಅರ್ಧ ಮಜಾ ಹೋಯ್ತು. ಗಿರಾಕಿಗಳು ನೊರೆ ಬೇಡ, ಪೂರ್ತಿ ತುಂಬ್ಸು ಅಂತ ಜಗಳ ಮಾಡ್ತಾರೆ, ನಾವು ತುಂಬ್ಸಿ ಕೊಡ್ತೀವಿ, ಏನ್ ಮಾಡೋದು.

ನೀವು ಹೇಳಿದ ಆ ಏಣುಗಳು ಸುಮ್ನೆ ಅಲಂಕಾರಕ್ಕಲ್ಲ, ಪ್ರತಿ ಗುಟುಕಿಗೂ ಬಿಯರ್ ಅಲ್ಲಿ ತಿರುಗಾಡಿ ನೊರೆ ಹೊಸದಾಗಿ ಏಳ್ಲಿ ಅಂತ ಮಾಡಿರೋದು. ಅಮೆರಿಕದ ಸ್ಯಾಮ್ಯುಯೆಲ್ ಆಡಮ್ಸ್ ಬಿಯರ್ ನವರು 2007ರಲ್ಲಿ ತಂದ ಗ್ಲಾಸಲ್ಲಂತೂ ತಳದಲ್ಲಿ ಲೇಸರ್‌ನಲ್ಲಿ ಉಂಗುರ ಕೊರೆದಿದ್ರು. ನುಣ್ಣಗಿರೋ ಗಾಜಿನ ಮೇಲೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಕಟ್ಟೋಕೆ ಹಿಡಿತ ಸಿಗಲ್ಲ, ಚೂರು ಒರಟು ಸಿಕ್ರೆ ಅಲ್ಲಿಂದ ಸಾಲಾಗಿ ಏಳ್ತಾ ಇರುತ್ತೆ.

ಆದ್ರೆ ಇದೆಲ್ಲಾ ಗ್ಲಾಸ್ ಕ್ಲೀನ್ ಇದ್ರೆ ಮಾತ್ರ. ಹಾಲು ಕುಡಿದ ಲೋಟ, ಎಣ್ಣೆ ಕೈ, ಸರಿಯಾಗಿ ತೊಳೀದೆ ಉಳಿದ ಸೋಪು, ಇವು ನೊರೆನ ನಿಮಿಷದಲ್ಲಿ ಸಾಯ್ಸ್ತವೆ. ತೊಳೆದ ಗ್ಲಾಸನ್ನ ಒದ್ದೆ ಇರೋವಾಗ್ಲೇ ಒಳಗಡೆ ಉಪ್ಪು ಉದುರಿಸಿ ನೋಡಿ, ಎಲ್ಲಾ ಕಡೆ ಸಮ ಅಂಟ್ಕೊಂಡ್ರೆ ಕ್ಲೀನ್, ಅಲ್ಲಲ್ಲಿ ಬೋಳು ಕಂಡ್ರೆ ಅಲ್ಲಿ ಜಿಡ್ಡಿದೆ. ದುಬಾರಿ ಗ್ಲಾಸ್ ತಂದು ಸಾರಿನ ಪಾತ್ರೆ ಉಜ್ಜಿದ ಸ್ಕ್ರಬ್ಬರಲ್ಲೇ ತಿಕ್ಕೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಹುಬ್ಳಿ_ಹೈದ:

ಅಲ್ರಿ, ಗ್ಲಾಸ್ ಮಾರೋ ಕಂಪನಿ ಗ್ಲಾಸ್ ಬೇಕ ಬೇಕು ಅನ್ನದ ಇನ್ನೇನ್ ಅಂತೈತಿ? ಇಂಗ್ಲೆಂಡಿನ ಪಬ್ಬಿನಾಗ 568 ಎಂಎಲ್ ಪೈಂಟ್ ಗ್ಲಾಸ್ ಇರತೈತಿ ನೋಡ್ರಿ, ಬಾಯಿ ಕೆಳಗ ಒಂದ್ ಉಬ್ಬು, ನಾನಿಕ್ ಅಂತಾರ. ಅದು ಒಂದರಾಗ ಒಂದು ಇಟ್ರ ಸಿಕ್ಕೋಬಾರದು, ಅಂಚು ಮುಕ್ಕಾಗಬಾರದು, ಕೈಯಾಗಿಂದ ಜಾರಬಾರದು ಅಂತ ಮಾಡಿದ್ದು, ರುಚಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅಮೆರಿಕದ ಬಾರಿನಾಗ ಕೊಡೋ ನೆಟ್ಟನ ಪೈಂಟ್ ಗ್ಲಾಸ್ ಅಂತೂ ಮೂಲಕ್ಕ ಕಾಕ್‌ಟೇಲ್ ಅಲಗ್ಯಾಡ್ಸೋ ಗ್ಲಾಸು, ಗಟ್ಟಿ ಇತ್ತು, ಪೇರಿಸಿ ಇಡಾಕ ಬರ್ತಿತ್ತು, ಬಿಯರ್‌ಗೂ ಅದನ್ನ ಹಿಡದ್ರು. ಅಂದ್ರ ಡಿಸೈನ್ ಐತಿ, ಖರೆ, ಯಾರ್ ಸಲುವಾಗಿ ಅನ್ನೋದು ನೋಡ್ರಿ.

ಬೆಲ್ಜಿಯಂನಾಗಂತೂ ಬಿಯರ್‌ಗೊಂದು ಗ್ಲಾಸು. ಕ್ವಾಕ್ ಅನ್ನೋ ಬಿಯರ್ ಗ್ಲಾಸಿನ ಬುಡಾ ಗುಂಡಗೈತಿ, ಮರದ ಸ್ಟ್ಯಾಂಡ್ ಇಲ್ದ ನಿಲ್ಲೂದ ಇಲ್ಲ. ಘೆಂಟ್ ಊರಿನ ಡುಲ್ಲೆ ಗ್ರೀಟ್ ಪಬ್ಬಿನಾಗ ಅಂಥಾ ದೊಡ್ಡ ಗ್ಲಾಸ್ ಬೇಕಂದ್ರ ಒಂದ್ ಕಾಲಿನ ಬೂಟು ಬಿಚ್ಚಿ ಡಿಪಾಸಿಟ್ ಇಡಬೇಕು, ಬುಟ್ಟ್ಯಾಗ ಹಾಕಿ ಮಾಳಗಿಗೆ ಎಳದು ತೂಗ್ ಹಾಕ್ತಾರ. ಮಜಾ ಐತಿ ಬಿಡ್ರಿ, ನಾನೂ ಬೂಟ್ ಬಿಚ್ಚಾಂವನ, ಆದ್ರ ಅದಕ್ಕ ರುಚಿ ಅನಬ್ಯಾಡ್ರಿ.

ಇನ್ನೊಂದು. 2012ರಾಗ ಬ್ರಿಸ್ಟಲ್ ಯೂನಿವರ್ಸಿಟಿಯವ್ರು 160 ಮಂದೀನ ಕೂಡ್ಸಿ ನೋಡಿದ್ರು, ಬಾಗಿದ ಗ್ಲಾಸಿನಾಗ ಲಾಗರ್ ಕೊಟ್ರ ಲಗೂನ ಮುಗಿಸಿದ್ರು, ನೆಟ್ಟನ ಗ್ಲಾಸಿನವ್ರಿಗೆ ಸುಮಾರು ಶೇ 60ರಷ್ಟು ಹೆಚ್ಚು ಟೈಮ್ ಹಿಡೀತು. ಸಾಫ್ಟ್ ಡ್ರಿಂಕ್ ಕೊಟ್ರ ಆ ಫರಕ್ ಕಾಣಲಿಲ್ಲ. ಬಾಗಿದ ಗ್ಲಾಸಿನಾಗ ಅರ್ಧ ಎಲ್ಲಿ ಬಂತು ಅಂತ ಕಣ್ಣಿಗೆ ಅಂದಾಜ್ ಸಿಗದ ಇರಬಹುದು ಅಂದ್ರು ಅವ್ರು. ಚಂದನ ಗ್ಲಾಸಿನ ಫಾಯದಾ ಯಾರಿಗೆ ಅಂತ ಈಗ ನೀವ ಹೇಳ್ರಿ.

ರೈನ್ ದಂಡೆ:

ಜರ್ಮನಿಯ ಕೋಲ್ನ್‌ನಲ್ಲಿದೀನಿ, ಊರು ಹಾಸನದ ಕಡೆ. ಎಲ್ರೂ ಶೇಪ್ ಬಗ್ಗೇನೇ ಮಾತಾಡ್ತಿದೀರ, ಸೈಜ್ ಬಗ್ಗೆ ಯಾರೂ ಹೇಳಿಲ್ಲ. ಇಲ್ಲಿ ಕೋಲ್ಷ್ ಬಿಯರ್ ಕೊಡೋದು 200 ಎಂಎಲ್ ಹಿಡಿಯೋ ನೆಟ್ಟಗಿನ ತೆಳು ಗ್ಲಾಸಲ್ಲಿ, ಯಾವ ಉಬ್ಬೂ ಇಲ್ಲ ಏಣೂ ಇಲ್ಲ. ಮೊದಲು ನೋಡಿದಾಗ ನಮ್ ಬೈಟು ಕಾಫಿ ತರ ಅನ್ಸುತ್ತೆ. ಆದ್ರೆ ಬಿಸಿಯಾಗೋಕೆ, ಗ್ಯಾಸ್ ಹೋಗೋಕೆ ಟೈಮೇ ಸಿಗಲ್ಲ, ಅಷ್ಟರಲ್ಲಿ ಮುಗ್ದಿರುತ್ತೆ, ಕೇಳೋಕ್ಕಿಂತ ಮುಂಚೆನೇ ಸರ್ವರ್ ಇನ್ನೊಂದು ತಂದಿಟ್ಟು ಕೋಸ್ಟರ್ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಹೋಗ್ತಾನೆ. ಸಾಕು ಅಂದ್ರೆ ಕೋಸ್ಟರನ್ನ ಗ್ಲಾಸ್ ಮೇಲೆ ಮುಚ್ಚಬೇಕು, ಇಲ್ದಿದ್ರೆ ಬರ್ತಾನೇ ಇರುತ್ತೆ. ಮ್ಯೂನಿಕ್‌ನ ಒಂದು ಲೀಟರ್ ಮಗ್ ನೋಡೋಕೆ ಭರ್ಜರಿ, ಹಿಡಿ ಇರೋದ್ರಿಂದ ಕೈ ಬಿಸಿನೂ ತಾಗಲ್ಲ, ಆದ್ರೆ ನಿಧಾನಕ್ಕೆ ಕುಡಿಯೋರಿಗೆ ಕೊನೆ ಕಾಲು ಭಾಗ ಬೆಚ್ಚಗಿನ ನೀರೇ.

ಹೈದ ಅವ್ರೆ, ಆ ಬ್ರಿಸ್ಟಲ್ ಪ್ರಯೋಗ ಒಪ್ಪಿದೆ, ಆದ್ರೆ ಅದು ಎಷ್ಟು ಬೇಗ ಕುಡೀತಾರೆ ಅನ್ನೋದು, ವಾಸನೆ ಬಗ್ಗೆ ಅಲ್ವಲ್ಲ. ಒಳಗೆ ಬಾಗಿರೋ ಬಾಯಿ ವಾಸನೆ ಹಿಡಿದಿಡೋದು ನಿಜ, ಅದಕ್ಕೆ ಸ್ಪೀಗೆಲಾವೇ ಬೇಕಂತಿಲ್ಲ, ಮನೇಲಿರೋ ವೈನ್ ಗ್ಲಾಸಿಗೆ ಅರ್ಧ ಮಟ್ಟ ಸುರ್ಕೊಂಡ್ರೂ ಐಪಿಎ ಚೆನ್ನಾಗೇ ಗೊತ್ತಾಗುತ್ತೆ.

ಒಂದು ಎಚ್ಚರಿಕೆ. ವಾಸನೆ ಹಿಡಿಯೋ ಗ್ಲಾಸು ಕೆಟ್ಟದ್ದನ್ನೂ ಹಿಡಿಯುತ್ತೆ. ಊರಿಗೆ ಬಂದಾಗ ಬಿಸಿಲಲ್ಲಿಟ್ಟಿದ್ದ ಹಸಿರು ಬಾಟ್ಲಿ ಬಿಯರನ್ನ ಅಂಥ ಗ್ಲಾಸಿಗೆ ಸುರಿದು ಮೂಗಿಟ್ಟೆ, ಬೆಳಕು ತಾಗಿ ಹಾಪ್ಸ್ ಕೆಟ್ಟಿರೋ ಘಾಟು, ಬೇಡಪ್ಪ. ಅಗ್ಗದ ಸ್ಟ್ರಾಂಗ್ ಬಿಯರನ್ನ ಸ್ಟೀಲ್ ಲೋಟದಲ್ಲಿ ಐಸ್ ಕೋಲ್ಡ್ ಕುಡಿಯೋ ನಮ್ಮ ಮಾವಂದಿರಿಗೆ ಗೊತ್ತಿಲ್ದೇನೇ ಸರಿಯಾದ ದಾರಿ ಸಿಕ್ಕಿದೆ.

ಸಂಜೆಮಲ್ಲ:

ಥ್ಯಾಂಕ್ಸ್ ಎಲ್ಲರಿಗೂ. ಹಾಗಾದ್ರೆ ಐಪಿಎ ಗ್ಲಾಸ್ ಬಿಟ್ಟು ಅರ್ಧ ಲೀಟರ್ ವೈಜನ್ ಗ್ಲಾಸೇ ತಗೋತೀನಿ, ರೇಟೂ ಕಮ್ಮಿ. ಮತ್ತೆ ಮಗ್ಗನ್ನ ಫ್ರೀಜರಲ್ಲಿಟ್ಟು ಬಿಳಿ ಬಿಳಿ ಮಂಜು ಕಟ್ಟಿಸಿ ಕೊಡ್ತಾರಲ್ಲ ಕೆಲವು ಕಡೆ, ಅದು ಒಳ್ಳೇದಾ?

ಟ್ಯಾಪ್ ಹಿಂದಿನವ:

ಫೋಟೋಗೆ ಒಳ್ಳೇದು. ಮಂಜು ಕರಗಿ ಬಿಯರ್‌ಗೆ ನೀರು ಸೇರುತ್ತೆ, ಸುರಿಯೋವಾಗ ನೊರೆ ಹುಚ್ಚಾಪಟ್ಟೆ ಉಕ್ಕುತ್ತೆ, ಅಷ್ಟು ತಣ್ಣಗಿದ್ರೆ ನಾಲಿಗೆಗೂ ಏನೂ ತಿಳಿಯಲ್ಲ. ಬರೀ ತಣ್ಣೀರಲ್ಲಿ ಒಂದ್ಸಲ ಜಾಲಿಸಿ ಒದ್ದೆ ಇರೋವಾಗ್ಲೇ ಸುರೀರಿ, ಪಿಲ್ಸನ್ ಊರಿನ ಕಡೆ ಚೆಕ್ ಜನ ಮಾಡೋದೂ ಅದನ್ನೇ. ವೈಜನ್ ಆದ್ರೆ ಗ್ಲಾಸನ್ನ ಚೆನ್ನಾಗಿ ವಾಲಿಸಿ ನಿಧಾನಕ್ಕೆ ಬಿಡಿ, ಬಾಟ್ಲಿಯದ್ದಾದ್ರೆ ತಳದಲ್ಲಿ ಸ್ವಲ್ಪ ಉಳಿಸ್ಕೊಂಡು ಗಿರ್ರಂತ ತಿರುಗ್ಸಿ ಯೀಸ್ಟ್ ಸಮೇತ ಕೊನೇಲಿ ಹಾಕಿ. ತೊಳೆಯೋಕೆ ಮಾತ್ರ ಬೇರೆ ಸ್ಪಾಂಜ್ ಇಟ್ಕೊಳ್ಳೋಕೆ ಹೇಳಿ ಭಾವಂಗೆ.