ಮನೆಯಲ್ಲೇ ಕಾಂಪೋಸ್ಟ್ ಟೀ ಬ್ರೂವರ್: ಬಕೆಟ್, ಪಂಪು ಮತ್ತು ನಿಮ್ಮ ಪ್ರಶ್ನೆಗಳು

(ಈ ವಾರ ಉತ್ತರಿಸುತ್ತಿರುವವರು ಕೃಷಿ ಪದವೀಧರರು, ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದಾರೆ.)

ಪ್ರಶ್ನೆ, ಮೈಸೂರಿನಿಂದ:
ಸರ್, ನಮ್ಮ ತಾರಸಿಯಲ್ಲಿ ಸುಮಾರು 40 ಕುಂಡಗಳಿವೆ. ಟೊಮೆಟೊ, ಬದನೆ, ಮೆಣಸಿನ ಗಿಡ, ಒಂದಿಷ್ಟು ದಾಸವಾಳ, ಡ್ರಮ್‌ನಲ್ಲಿ ನುಗ್ಗೆ. ಅಡುಗೆಮನೆ ಕಸದಿಂದ ಗೊಬ್ಬರ ಮಾಡುತ್ತೇನೆ, ಆದರೆ ಅದು ಎಲ್ಲ ಕುಂಡಕ್ಕೂ ಸಾಲುವುದಿಲ್ಲ. ಕಾಂಪೋಸ್ಟ್ ಟೀ, ಅಂದರೆ ಗೊಬ್ಬರವನ್ನು ನೀರಿನಲ್ಲಿ ನೆನೆಸಿ ತೆಗೆದ ದ್ರವ, ಮಾಡಿದರೆ ಇರುವ ಗೊಬ್ಬರವನ್ನೇ ಎಲ್ಲಕ್ಕೂ ಹಂಚಬಹುದು ಅಂತ ಯಾರೋ ಹೇಳಿದರು. ರೆಡಿ ಬ್ರೂವರ್ ಬೆಲೆ ನೋಡಿ ಗಾಬರಿಯಾಯಿತು. ಮಗನ ಹಳೆ ಮೀನಿನ ತೊಟ್ಟಿಯ ಪಂಪ್ ಅಟ್ಟದ ಮೇಲೆ ಬಿದ್ದಿದೆ. ಅದರಿಂದ ಮಾಡಿಕೊಳ್ಳಬಹುದಾ?

ಉತ್ತರ:
ಧಾರಾಳವಾಗಿ. ಬ್ರೂವರ್ ಅಂದರೆ ದೊಡ್ಡ ಯಂತ್ರವೇನಲ್ಲ. ಒಂದು ಬಕೆಟ್, ಗಾಳಿ ಊದುವ ಪಂಪ್, ಗೊಬ್ಬರ ಕಟ್ಟಿ ಇಳಿಬಿಡಲು ಒಂದು ಚೀಲ. ಅಷ್ಟೇ. ಆದರೆ ಆ "ಹಂಚಬಹುದು" ಅನ್ನುವ ಮಾತನ್ನು ಮೊದಲು ಲೆಕ್ಕ ಹಾಕಿ ನೋಡೋಣ.

ಮನೆ ಗೊಬ್ಬರದಲ್ಲಿ ಒಣ ತೂಕದ ಲೆಕ್ಕಕ್ಕೆ ಶೇ 1ರಿಂದ 2ರಷ್ಟು ಸಾರಜನಕ ಇರುತ್ತದೆ. ನೀವು ಅರ್ಧ ಕೆಜಿ ಗೊಬ್ಬರ ಹಾಕಿದಿರಿ ಅನ್ನಿ. ಅದರಲ್ಲಿ ಅರ್ಧದಷ್ಟು ತೇವವೇ. ಸಾರಜನಕ ಹೆಚ್ಚೆಂದರೆ 5 ಗ್ರಾಂ. ಅದರಲ್ಲೂ ಬಹುಪಾಲು ಚೀಲದಲ್ಲೇ ಉಳಿಯುತ್ತದೆ, ನೀರಿಗೆ ಇಳಿಯುವುದು ಸ್ವಲ್ಪ. ಅದನ್ನು 40 ಕುಂಡಕ್ಕೆ ಹಂಚಿದರೆ ಒಂದೊಂದಕ್ಕೆ ಚಿಟಿಕೆಯೂ ಬರುವುದಿಲ್ಲ. ಅಂದರೆ ಟೀ ಗೊಬ್ಬರಕ್ಕೆ ಬದಲಿ ಅಲ್ಲ. ಗೊಬ್ಬರದಲ್ಲಿರುವ ಸೂಕ್ಷ್ಮಜೀವಿಗಳನ್ನು ನೀರಿಗೆ ಇಳಿಸಿ, ಬೆಳೆಸಿ, ಮಣ್ಣಿಗೆ ಬಿಡುವ ದಾರಿ. ಗೊಬ್ಬರ ಕಡಿಮೆ ಇದ್ದರೆ ನೇರ ಕುಂಡಕ್ಕೆ ಹಾಕಿ ಅಂತಲೇ ನನ್ನ ಸಲಹೆ. ಟೀ ಮಾಡಿದರೂ ಚೀಲದ ಚರಟ ಬಿಸಾಡಬೇಡಿ, ಅದನ್ನೂ ಕುಂಡಕ್ಕೇ ಹಾಕಿ.

ಇಷ್ಟಾದ ಮೇಲೂ ಮಾಡುವ ಆಸೆ ಇದ್ದರೆ ಪಂಪ್ ಕೆಳಗಿಳಿಸಿ. ಅದು ನಿಮಿಷಕ್ಕೆ ಎಷ್ಟು ಗಾಳಿ ಊದುತ್ತದೆ ಅಂತ ನೋಡಬೇಕು. ಡಬ್ಬಿಯ ಮೇಲೆ ಬರೆದಿರುವುದನ್ನು ಪೂರ್ತಿ ನಂಬಬೇಡಿ. 1 ಲೀಟರ್ ಬಾಟಲಿಗೆ ನೀರು ತುಂಬಿ, ನೀರಿರುವ ಬಕೆಟ್‌ನಲ್ಲಿ ತಲೆಕೆಳಗಾಗಿ ಹಿಡಿಯಿರಿ. ಬಾಯಿಯ ಕೆಳಗೆ ಪಂಪಿನ ಟ್ಯೂಬ್ ಇಡಿ. ಗುಳ್ಳೆ ಮೇಲೇರಿ ನೀರನ್ನು ಹೊರಗೆ ತಳ್ಳುತ್ತದೆ. ಬಾಟಲಿ ಖಾಲಿಯಾಗಲು 15 ಸೆಕೆಂಡ್ ಬೇಕಾಯಿತಾ? ಹಾಗಾದರೆ ನಿಮಿಷಕ್ಕೆ 4 ಲೀಟರ್. 20 ಲೀಟರ್ ಬಕೆಟ್‌ಗೆ ನಿಮಿಷಕ್ಕೆ 7-8 ಲೀಟರ್ ಗಾಳಿ ಸಿಕ್ಕರೆ ಒಳ್ಳೆಯದು. ಚಿಕ್ಕ ಮೀನಿನ ಪಂಪ್‌ಗಳಿಗೆ ಸಾಮಾನ್ಯವಾಗಿ ಅಷ್ಟು ದಮ್ ಇರುವುದಿಲ್ಲ. ಆಗ ದೊಡ್ಡ ಪಂಪ್ ತರಬೇಕಿಲ್ಲ, ನೀರು ಕಡಿಮೆ ಮಾಡಿ. 10 ಲೀಟರ್ ಸಾಕು.

ಟ್ಯೂಬಿನ ತುದಿಗೆ ಕಲ್ಲು ಕಟ್ಟಿ ತಳಕ್ಕೆ ಇಳಿಸಿ. ಮೀನಿನ ತೊಟ್ಟಿಯ ಏರ್ ಸ್ಟೋನ್ ಬೇಡ. ಅದರ ಸಣ್ಣ ರಂಧ್ರಗಳಲ್ಲಿ ಲೋಳೆ ಕಟ್ಟಿಕೊಂಡರೆ ತೊಳೆಯಲು ಆಗುವುದಿಲ್ಲ. ಗೊಬ್ಬರದ ಚೀಲಕ್ಕೆ ಹಳೆ ಪಂಚೆ ತುಂಬಾ ಬಿಗಿ. ಹಳೆ ಸೊಳ್ಳೆ ಪರದೆ ಎರಡು ಮಡಿಕೆ ಮಾಡಿ ಹೊಲಿಯಿರಿ. 10 ಲೀಟರ್‌ಗೆ 300-400 ಗ್ರಾಂ ಗೊಬ್ಬರ, ಒಂದು ಚಿಕ್ಕ ಚಮಚ ಬೆಲ್ಲ. ಬೆಲ್ಲ ಕಪ್ಪಗಿರಲಿ. ಹಳದಿ ಹೊಳಪಿನ ಬೆಲ್ಲಕ್ಕೆ ಬಣ್ಣ ತರಿಸಲು ಆಲೆಮನೆಯಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರಬಹುದು, ಸೂಕ್ಷ್ಮಜೀವಿಗಳಿಗೆ ಅದು ಆಗಿಬರುವುದಿಲ್ಲ. 24 ಗಂಟೆ ಗಾಳಿ ಊದಿಸಿ, ನಿಲ್ಲಿಸಿದ ಮೇಲೆ 4 ಗಂಟೆಯೊಳಗೆ ಗಿಡಕ್ಕೆ ಹಾಕಿ ಮುಗಿಸಿ.

ಒಂದು ಮಾತು ಮರೆತೆ. ಪಂಪ್ ಬಕೆಟ್‌ಗಿಂತ ಎತ್ತರದಲ್ಲಿರಬೇಕು. ನಾನು ಮೊದಲ ಸಲ ಮಾಡಿದಾಗ ಅದನ್ನು ಮೆಟ್ಟಿಲ ಮೇಲೆ, ಬಕೆಟ್‌ಗಿಂತ ಕೆಳಗೆ ಇಟ್ಟಿದ್ದೆ. ರಾತ್ರಿ ಕರೆಂಟ್ ಹೋಯಿತು. ಗಾಳಿ ನಿಂತ ಕೂಡಲೇ ನೀರು ಟ್ಯೂಬಿನಲ್ಲೇ ಹಿಂದಕ್ಕೆ ಹರಿದು, ಪಂಪಿನೊಳಗಿಂದ ಸೋರಿ, ಮೆಟ್ಟಿಲಿಳಿದು ಕೆಳಗಿನ ಮನೆಯವರ ರಂಗೋಲಿಯವರೆಗೂ ಹೋಗಿತ್ತು. ಬೆಳಿಗ್ಗೆ ಕಂದು ಬಣ್ಣದ ರಂಗೋಲಿ! ಪಂಪ್ ಕೆಟ್ಟಿದ್ದು ಬೇರೆ. ಮೀನಿನ ಅಂಗಡಿಯಲ್ಲಿ ಒಮ್ಮುಖ ವಾಲ್ವ್ ಸಿಗುತ್ತದೆ, ಬೆಲೆಯೇನೂ ಜಾಸ್ತಿ ಇಲ್ಲ, ಅದನ್ನೂ ಟ್ಯೂಬಿಗೆ ಹಾಕಿ. ವೈರ್ ನೇರ ಪ್ಲಗ್‌ಗೆ ಏರದೆ ಒಮ್ಮೆ ಕೆಳಗೆ ಜೋತು ಆಮೇಲೆ ಮೇಲೇರಲಿ. ವೈರ್ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ತಲುಪುವುದಿಲ್ಲ.

ಪ್ರಶ್ನೆ, ಬೆಂಗಳೂರಿನಿಂದ:
ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ, ಬೋರ್‌ವೆಲ್ ಎರಡೂ ಬರುತ್ತೆ. ಜೊತೆಗೆ ಆರ್‌ಒ ಯಂತ್ರ ಹೊರಗೆ ಬಿಡುವ ನೀರೂ ಇದೆ. ಯಾವುದು ಬಳಸಲಿ?

ಉತ್ತರ:
ಕಾವೇರಿ ನೀರು ಒಳ್ಳೆಯದೇ. ಕ್ಲೋರಿನ್ ಇರುತ್ತದೆ, ಅದಕ್ಕೆ ಬಕೆಟ್‌ಗೆ ತುಂಬಿ ಬಾಯಿ ತೆರೆದು ಒಂದು ದಿನ ಬಿಡಿ. ಅವಸರವಾದರೆ ಗೊಬ್ಬರ ಹಾಕದೆ ರಾತ್ರಿಯಿಡೀ ಬರೀ ಗಾಳಿ ಊದಿಸಿ. ಬೋರ್‌ವೆಲ್ ನೀರು ಗಡಸಾದರೂ ನಡೆಯುತ್ತದೆ. ಆದರೆ ಸಾಫ್ಟ್‌ನರ್ ಆದ ಮೇಲಿನ ನೀರು ಬೇಡ, ಅದರಲ್ಲಿ ಸೋಡಿಯಂ ಇರುತ್ತದೆ. ಆರ್‌ಒ ಹೊರಗೆ ಬಿಡುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಪ್ರಶ್ನೆ, ಹುಬ್ಬಳ್ಳಿಯಿಂದ:
ನಮ್ಮಲ್ಲಿ ಏಪ್ರಿಲ್‌ನಲ್ಲಿ ತಾರಸಿ ಮೇಲೆ ಕಾಲಿಡೋಕಾಗಲ್ಲ. ಎರಡು ಸಲ ಮಾಡಿದೆ, ಎರಡು ಸಲವೂ ಕೊಳೆತ ಮೊಟ್ಟೆ ವಾಸನೆ. ಕರೆಂಟೂ ಆಗಾಗ ಹೋಗುತ್ತೆ.

ಉತ್ತರ:
ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 20 ಡಿಗ್ರಿಯಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಆ ಕಡೆ ಸೂಕ್ಷ್ಮಜೀವಿಗಳು ಬಿಸಿಗೆ ಇನ್ನೂ ಜೋರಾಗಿ ಉಸಿರಾಡುತ್ತವೆ. ಗಾಳಿ ಇಲ್ಲದೆ ಬದುಕುವ ಜೀವಿಗಳು ಆಗ ಮೇಲುಗೈ ಪಡೆಯುತ್ತವೆ, ಆ ವಾಸನೆ ಅವುಗಳದೇ. ಬೇಸಿಗೆಯಲ್ಲಿ ತಾರಸಿ ಬಿಡಿ, ಬಚ್ಚಲುಮನೆಯ ಮೂಲೆಯಲ್ಲಿ ಸಂಜೆ ಶುರು ಮಾಡಿ. ಬೆಲ್ಲ ಅರ್ಧಕ್ಕೆ ಇಳಿಸಿ, 16-18 ಗಂಟೆಗೆ ನಿಲ್ಲಿಸಿ. ಕರೆಂಟ್ ಹೋದರೆ ಒಂದು ಚೊಂಬು ತಗೊಂಡು ಹೋಟೆಲಿನವರು ಕಾಫಿ ಎತ್ತಿ ಹೊಯ್ಯುವ ಹಾಗೆ ಹತ್ತಿಪ್ಪತ್ತು ಸಲ ಹೊಯ್ಯಿರಿ. ಕಾಲು ಗಂಟೆಗೊಮ್ಮೆ. ಬೇಜಾರಿನ ಕೆಲಸ, ನಿಜ. ವಾಸನೆ ಬಂದಿದ್ದನ್ನು ಮಾತ್ರ ಗಿಡಕ್ಕೆ ಹಾಕಬೇಡಿ.

ಪ್ರಶ್ನೆ, ಶಿವಮೊಗ್ಗ ಜಿಲ್ಲೆಯಿಂದ:
ಜೀವಾಮೃತ ಇರುವಾಗ ಇದೆಲ್ಲ ಯಾಕೆ? ನಾವು ತೋಟಕ್ಕೆ ಹತ್ತು ವರ್ಷದಿಂದ ಅದನ್ನೇ ಹಾಕುತ್ತಿದ್ದೇವೆ. ಪಂಪೂ ಇಲ್ಲ, ವೈರೂ ಇಲ್ಲ.

ಉತ್ತರ:
ನಿಮ್ಮ ತೋಟಕ್ಕೆ ಅದೇ ಸರಿ, ಬಿಡಬೇಡಿ. ಎರಡೂ ಬೇರೆ ಬೇರೆ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಪ್ರಚಾರ ಮಾಡಿದ ಜೀವಾಮೃತದ ಅಳತೆಯಲ್ಲಿ 200 ಲೀಟರ್ ನೀರಿಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಕೋಲಿನಲ್ಲಿ ತಿರುಗಿಸುವುದು ಬಿಟ್ಟರೆ ಗಾಳಿ ಇಲ್ಲ, ಹಾಗಾಗಿ ಅದು ಹುಳಿಯುತ್ತದೆ. ಕಾಂಪೋಸ್ಟ್ ಟೀಗೆ ಹಾಕುವುದು ಪೂರ್ತಿ ಕಳಿತ ಗೊಬ್ಬರ, ಹಸಿ ಸಗಣಿ ಅಲ್ಲ. ದನ ಇಲ್ಲದ, 40 ಕುಂಡ ಇಟ್ಟುಕೊಂಡ ಪೇಟೆಯವರಿಗೆ 200 ಲೀಟರ್ ಡ್ರಮ್ ಯಾಕೆ ಹೇಳಿ?

ಪ್ರಶ್ನೆ, ಮಂಗಳೂರಿನಿಂದ:
ಕೊತ್ತಂಬರಿ, ಪುದೀನಕ್ಕೆ ಸಿಂಪಡಿಸಬಹುದಾ? ಎಲೆಯ ರೋಗವೂ ಹೋಗುತ್ತೆ ಅಂತ ಓದಿದೆ.

ಉತ್ತರ:
ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬೆಲ್ಲ ಒಳ್ಳೆಯ ಜೀವಿ, ಕೆಟ್ಟ ಜೀವಿ ಅಂತ ನೋಡುವುದಿಲ್ಲ. ಗೊಬ್ಬರ ಸರಿಯಾಗಿ ಬಿಸಿಯೇರಿ ಕಳಿಯದಿದ್ದರೆ ಅದರಲ್ಲಿ ಉಳಿದ, ಹೊಟ್ಟೆ ಕೆಡಿಸುವ ಇ. ಕೊಲೈ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೂಡ ಅದೇ ಬೆಲ್ಲ ತಿಂದು ಹೆಚ್ಚುತ್ತವೆ. 2004ರಲ್ಲಿ ಅಮೆರಿಕದ ಸಾವಯವ ಮಂಡಳಿಯ ಕಾರ್ಯಪಡೆಯೊಂದು ಇದೇ ಎಚ್ಚರಿಕೆ ಕೊಟ್ಟಿತ್ತು. ಮನೆಯ ಕಾಂಪೋಸ್ಟ್ ಡಬ್ಬಿಗಳು ಚಿಕ್ಕವು, ಅಷ್ಟು ಬಿಸಿ ಏರುವುದೇ ಕಷ್ಟ. ಸೊಪ್ಪಿನ ಕುಂಡಕ್ಕೆ ಗೊಬ್ಬರವನ್ನು ಬಿತ್ತುವ ಮೊದಲೇ ಮಣ್ಣಿಗೆ ಬೆರೆಸಿಬಿಡಿ.

ರೋಗದ ಮಾತು ಬೇರೆ. ಈ ಟೀಯನ್ನು ಜನಪ್ರಿಯ ಮಾಡಿದ ಅಮೆರಿಕದ ಮಣ್ಣು ತಜ್ಞೆ ಎಲೇನ್ ಇಂಗಮ್ ರೋಗ ತಡೆಯುತ್ತದೆ ಅನ್ನುತ್ತಿದ್ದರು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತೋಟಗಾರಿಕೆ ತಜ್ಞೆ ಲಿಂಡಾ ಚಾಕರ್-ಸ್ಕಾಟ್ ಅದಕ್ಕೆ ಗಟ್ಟಿ ಪುರಾವೆ ಇಲ್ಲ ಅನ್ನುತ್ತಾರೆ. ನಾನು ಎರಡನೆಯವರ ಕಡೆ. ಬೂದಿರೋಗ ಬಂದರೆ ಮೊದಲು ಕುಂಡಗಳ ನಡುವೆ ಜಾಗ ಬಿಡಿ, ಟೀ ಆಮೇಲೆ.

ಮೈಸೂರಿನವರು, ಹತ್ತು ದಿನದ ನಂತರ:
ಸರ್, ಬಾಟಲಿ ಪರೀಕ್ಷೆ ಮಾಡಿದೆ. 20 ಸೆಕೆಂಡ್ ತಗೊಂಡಿತು, ಅಂದರೆ ನಿಮಿಷಕ್ಕೆ 3 ಲೀಟರ್. ಅದಕ್ಕೆ 8 ಲೀಟರ್ ನೀರಷ್ಟೇ ಇಟ್ಟೆ. ಮೇಲೆ ನಾಲ್ಕು ಬೆರಳು ನೊರೆ ಬಂತು, ಖುಷಿಯಾಯಿತು. ಮೊದಲ ಮಳೆಯ ಮಣ್ಣಿನ ವಾಸನೆ ಇತ್ತು. ಐದರಷ್ಟು ನೀರು ಬೆರೆಸಿ ಟೊಮೆಟೊ, ಬದನೆ ಬುಡಕ್ಕೆ ಹಾಕಿದೆ. ಒಂದೂವರೆ ಲೀಟರ್ ಉಳಿಯಿತು, ಮುಂದಿನ ವಾರಕ್ಕೆ ಅಂತ ಕೋಲಾ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿಟ್ಟೆ. ಇವತ್ತು ನೋಡಿದರೆ ಬಾಟಲಿ ಉಬ್ಬಿ ಕಲ್ಲಿನ ಹಾಗಾಗಿದೆ. ಏನು ಮಾಡಲಿ?

ಉತ್ತರ:
ನೊರೆ ನೋಡಿ ಹಿಗ್ಗಬೇಡಿ, ಬರೀ ಬೆಲ್ಲಕ್ಕೂ ನೊರೆ ಬರುತ್ತದೆ. ಮಣ್ಣಿನ ವಾಸನೆ ಬಂತಲ್ಲ, ಅದು ಖುಷಿಯ ವಿಷಯ. ಬಾಟಲಿಯನ್ನು ಅಡುಗೆಮನೆಯಲ್ಲಿ ತೆಗೆಯಬೇಡಿ. ತಾರಸಿಗೆ ಒಯ್ದು, ಮುಖ ಆಚೆ ತಿರುಗಿಸಿಕೊಂಡು, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ. ಗಾಳಿಯೆಲ್ಲ ಹೋದ ಮೇಲೆ ಒಳಗಿದ್ದದ್ದನ್ನು ಕಾಂಪೋಸ್ಟ್ ಡಬ್ಬಿಗೆ ಸುರಿದು ಮೇಲೆ ಎರಡು ಹಿಡಿ ಒಣ ಎಲೆ ಹಾಕಿ. ಬಕೆಟ್, ಟ್ಯೂಬ್, ಚೀಲ ತೊಳೆದು ಬಿಸಿಲಿಗೆ ಇಟ್ಟಿದ್ದೀರಾ? ಇಲ್ಲದಿದ್ದರೆ ಈಗಲೇ ತೊಳೆದು ಇಡಿ, ಲೋಳೆ ಒಣಗಿದರೆ ಉಜ್ಜಿದರೂ ಹೋಗುವುದಿಲ್ಲ.