ಟೆಂಟ್‌ನಲ್ಲಿ ಎರಡು ರಾತ್ರಿ, ಜೇಬಲ್ಲೊಂದು ಉಂಗುರ: ಎಲ್ಲೆಲ್ಲಿ ಎಡವಬಹುದು?

ಹೊಂಬಿಸಿಲು (ಪ್ರಶ್ನೆ)

ಶುಕ್ರವಾರ ಹೊರಟು ಭಾನುವಾರ ಮಧ್ಯಾಹ್ನ ವಾಪಸ್. ಆರು ಜನ ಸ್ನೇಹಿತರು, ನಾಲ್ಕು ಜನರ ಟೆಂಟ್ ಎರಡು. ಆ ಆರರಲ್ಲಿ ಒಬ್ಬ ನನ್ನ ಹುಡುಗ. ಅವನಿಗೆ ಅಲ್ಲೇ ಪ್ರಪೋಸ್ ಮಾಡಬೇಕು ಅಂತಿದ್ದೀನಿ. ಹೌದು, ಕೇಳೋಳು ನಾನೇ. ಮದುವೆ ಬಗ್ಗೆ ಇಬ್ಬರೂ ಮಾತಾಡಿಕೊಂಡಿದ್ದೀವಿ, ಉಂಗುರದ ವಿಷಯ ಮಾತ್ರ ಅವನಿಗೆ ಗೊತ್ತಿಲ್ಲ.

ಈಗಿನ ಪ್ಲಾನ್: ಶನಿವಾರ ರಾತ್ರಿ ಬೆಂಕಿ ಸುತ್ತ ಎಲ್ಲರೂ ಕೂತಾಗ ಕೇಳೋದು, ಒಬ್ಬರು ವಿಡಿಯೊ ಮಾಡೋದು. ರಾತ್ರಿ 8 ಡಿಗ್ರಿಗೆ ಇಳಿಯುತ್ತೆ ಅಂತ ಆ್ಯಪ್ ಹೇಳ್ತಿದೆ. ಟೈಮಿಂಗ್ ಸರಿ ಇದೆಯಾ? ಉಂಗುರ ಎಲ್ಲಿಟ್ಟುಕೊಳ್ಳಲಿ? ಹತ್ತು ವರ್ಷ ಆದಮೇಲೂ ಆ ಗಳಿಗೆ ಹಾಗೇ ಉಳಿಯೋಕೆ ಏನು ಮಾಡಬೇಕು? "ಮನಸ್ಸಿಂದ ಕೇಳಿ, ಅಷ್ಟೇ ಸಾಕು" ಅನ್ನೋ ಉತ್ತರ ದಯವಿಟ್ಟು ಬೇಡ. ಕೆಲಸಕ್ಕೆ ಬರೋದು ಹೇಳಿ.

ಗೂಟಹಗ್ಗ

ಶನಿವಾರ ರಾತ್ರಿ, ಬೆಂಕಿ ಮುಂದೆ, ಎಲ್ಲರ ಎದುರು. ಈ ಮೂರನ್ನೂ ಬದಲಾಯಿಸಿ.

ಬೆಂಕಿ ಪಕ್ಕ ಒಂದು ಕೆನ್ನೆಗೆ ಬೆಳಕು, ಇನ್ನೊಂದು ಕೆನ್ನೆ ಕತ್ತಲು. ಹೊಗೆ ಯಾವ ಕಡೆ ತಿರುಗುತ್ತೋ ಅಲ್ಲಿ ಕೂತವರಿಗೆ ಕಣ್ಣೀರು, ಅದೂ ಬೇರೆ ಕಾರಣಕ್ಕೆ. ದಿನವಿಡೀ ನಡೆದು ಎಲ್ಲರೂ ಸುಸ್ತಾಗಿರ್ತಾರೆ. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ಮದುವೆಗೆ ಒಪ್ಪಿರೋ ಮನುಷ್ಯನಿಗೂ ಆ ಗಳಿಗೆಯಲ್ಲಿ ಬಾಯಿ ಕಟ್ಟಬಹುದು, ಸ್ವಲ್ಪ ಹೊತ್ತು ಬೇಕಾಗಬಹುದು. ನಾಲ್ಕು ಜನ ಚಪ್ಪಾಳೆಗೆ ಕೈ ಎತ್ತಿಕೊಂಡು ಕಾಯ್ತಿದ್ದರೆ ಆ ಹೊತ್ತು ಅವನಿಗೆ ಸಿಗೋದೇ ಇಲ್ಲ. ಆಮೇಲೆ ಎದ್ದು ಹೋಗೋಣ ಅಂದರೆ ಹೋಗೋಕೆ ಮನೆ ಇಲ್ಲ, ಅದೇ ಟೆಂಟು.

ಶನಿವಾರ ಸೂರ್ಯ ಮುಳುಗೋದಕ್ಕೆ ಒಂದು ಗಂಟೆ ಮೊದಲು ಇಬ್ಬರೇ ಹೊರಡಿ. ಟೆಂಟ್‌ನಿಂದ ಹತ್ತು ನಿಮಿಷದ ನಡಿಗೆ ಸಾಕು. ಕೇಳಿ, ಕೂತು ಮಾತಾಡಿ, ಬೆಳಕಿರುವಾಗಲೇ ವಾಪಸ್ ಬನ್ನಿ. ಬೆಂಕಿ, ಗಲಾಟೆ, ಹಾಡು ಎಲ್ಲ ಆಮೇಲೆ ಇದ್ದೇ ಇದೆ. ಜಾಗವನ್ನ ಬೆಳಿಗ್ಗೆಯೇ ಒಮ್ಮೆ ನೋಡಿಟ್ಟುಕೊಳ್ಳಿ. ಬಂಡೆಯ ಅಂಚು, ನೀರಿನ ದಡ, ಸೇತುವೆ ಬೇಡ. ಸಂಜೆ ಗುಡುಗಿನ ಮುನ್ಸೂಚನೆ ಇದ್ದರೆ ಇದನ್ನೇ ಶನಿವಾರ ಬೆಳಗಿನ ಬಿಸಿಲಿಗೆ ಹಾಕಿಕೊಳ್ಳಿ. ಭಾನುವಾರಕ್ಕೆ ಉಳಿಸಬೇಡಿ. ಆವತ್ತು ಒದ್ದೆ ಟೆಂಟ್ ಮಡಿಸೋದರಲ್ಲೇ ಅರ್ಧ ಜನರ ಮೂಡ್ ಹೋಗಿರುತ್ತೆ.

ಶನಿವಾರ ಚೆನ್ನಾಗಿರಬೇಕು ಅಂದರೆ ಶುಕ್ರವಾರ ರಾತ್ರಿ ಎಲ್ಲರಿಗೂ ನಿದ್ದೆ ಬರಬೇಕು. ಕತ್ತಲಾಗೋಕೆ ಎರಡು ಗಂಟೆ ಮೊದಲು ಸ್ಥಳ ಸೇರಿ. ತಂಪುಗಾಳಿ ಭಾರ, ರಾತ್ರಿ ಇಳಿದು ತಗ್ಗಿನಲ್ಲಿ ನಿಲ್ಲುತ್ತೆ. ಹಾಗಾಗಿ ಕಣಿವೆಯ ತಳದಲ್ಲಿ ಟೆಂಟ್ ಹಾಕಿದರೆ ಆ್ಯಪ್ ಹೇಳಿದ 8 ಡಿಗ್ರಿ ನಿಮ್ಮ ಪಾಲಿಗೆ 5 ಆಗಬಹುದು. ಸ್ವಲ್ಪ ಎತ್ತರದ ಸಮತಟ್ಟು ಜಾಗ ಹುಡುಕಿ, ನೀರಿನಿಂದ 60 ಮೀಟರಾದರೂ ದೂರ ಇರಲಿ. ತಲೆ ಎತ್ತಿ ಮೇಲೂ ನೋಡಿ, ಒಣಗಿ ನೇತಾಡೋ ಕೊಂಬೆ ಇದ್ದರೆ ಆ ಮರದ ಕೆಳಗೆ ಬೇಡ.

ಗೂಟದ ತಲೆ ಟೆಂಟ್‌ಗೆ ಬೆನ್ನು ಹಾಕಿ ಓರೆಯಾಗಿರಬೇಕು. ತಲೆ ಟೆಂಟ್ ಕಡೆಗೇ ವಾಲಿದ್ದರೆ ಗಾಳಿ ಎಳೆದಾಗ ಸಲೀಸಾಗಿ ಕಿತ್ತು ಬರುತ್ತೆ. ಕೆಳಗಿನ ನೆಲಹಾಸು ಟೆಂಟಿನ ಅಳತೆಗಿಂತ ಒಂದು ಬೆರಳೂ ಹೊರಗೆ ಚಾಚಬಾರದು. ಚಾಚಿದರೆ ಹೊರಪದರದಿಂದ ಇಳಿದ ಮಳೆನೀರನ್ನ ಅದೇ ಹಿಡಿದು ನಿಮ್ಮ ಬೆನ್ನಡಿಗೆ ತಂದು ಬಿಡುತ್ತೆ. "ಟೆಂಟ್ ಸೋರುತ್ತೆ" ಅನ್ನೋ ದೂರುಗಳಲ್ಲಿ ಎಷ್ಟೋ ಇದೇ. ಇನ್ನು ಕೆಲವು ಸೋರಿಕೆಯೇ ಅಲ್ಲ, ಮೂರು ಜನರ ಉಸಿರಿನ ತೇವ ತಣ್ಣನೆ ಬಟ್ಟೆಗೆ ತಾಗಿ ಹನಿಗಟ್ಟಿರೋದು. ಚಳಿ ಅಂತ ಗಾಳಿಕಿಂಡಿ ಮುಚ್ಚಬೇಡಿ.

ಸ್ಲೀಪಿಂಗ್ ಬ್ಯಾಗ್‌ನ ಚೀಟಿಯಲ್ಲಿ ಎರಡು ಅಂಕಿ ಇರುತ್ತೆ, ಕಂಫರ್ಟ್ (ಆರಾಮಾಗಿ ನಿದ್ದೆ ಬರೋ ತಾಪಮಾನ) ಮತ್ತು ಲಿಮಿಟ್ (ಹೇಗೋ ತಡೆದುಕೊಳ್ಳಬಹುದಾದ ತಾಪಮಾನ). ನೋಡಬೇಕಾದ್ದು ಕಂಫರ್ಟ್. ನಿಮ್ಮ ರಾತ್ರಿಗೆ ಅದು 5 ಡಿಗ್ರಿ ಅಥವಾ ಕಡಿಮೆ ಇರಲಿ. ಬ್ಯಾಗ್ ಎಷ್ಟೇ ದಪ್ಪ ಇದ್ದರೂ ಮೈಭಾರಕ್ಕೆ ಕೆಳಬದಿಯ ಒಳತುಂಬು ಅಪ್ಪಚ್ಚಿಯಾಗಿ ನೆಲ ಶಾಖ ಎಳೆದುಕೊಳ್ಳುತ್ತೆ, ಆದ್ದರಿಂದ ಮ್ಯಾಟ್ ಬಿಡಬೇಡಿ. ಮ್ಯಾಟ್ ಎಷ್ಟು ಶಾಖ ತಡೆಯುತ್ತೆ ಅನ್ನೋ ಅಳತೆ ಆರ್-ವ್ಯಾಲ್ಯೂ, ಅದು 2ರಿಂದ 3 ಇದ್ದರೆ ಸಾಕು. ಎರಡು ತೆಳು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಎರಡರ ಅಂಕಿ ಕೂಡಿಕೊಳ್ಳುತ್ತೆ.

ಗ್ಯಾಸ್: ಗಾಳಿ ಇಲ್ಲದಾಗ 1 ಲೀಟರ್ ನೀರು ಕುದಿಸೋಕೆ ಸುಮಾರು 15 ಗ್ರಾಂ. ಗಾಳಿಗೆ ಅಡ್ಡ ಇಲ್ಲದಿದ್ದರೆ ಅದರ ಎರಡರಷ್ಟೂ ಹೋಗಬಹುದು. ಆರು ಜನರ ಅಡುಗೆ, ಕಾಫಿಗೆ 230 ಗ್ರಾಂನ ಎರಡು ಕ್ಯಾನಿಸ್ಟರ್ ಒಯ್ಯಿರಿ. ಎಷ್ಟೇ ಚಳಿ ಆಗಲಿ, ಒಲೆ ಅಥವಾ ಕೆಂಡದ ಬಾಣಲೆ ಟೆಂಟ್ ಒಳಗೆ ಬರಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತೆ.

ಚಿನ್ನದಕೆಲಸ

ಉಂಗುರದ್ದು ನಾನು ಹೇಳ್ತೀನಿ. ಮೊದಲು ಒಂದು ಪ್ರಶ್ನೆ: ಯಾವ ಲೋಹ? ಗಂಡಸರ ಉಂಗುರ ಅಂತ ಟಂಗ್‌ಸ್ಟನ್ ಕಾರ್ಬೈಡ್ ಆರಿಸಿದ್ದರೆ ನೆನಪಿರಲಿ, ಅದನ್ನ ಹಿಗ್ಗಿಸೋಕೂ ಆಗಲ್ಲ, ಕುಗ್ಗಿಸೋಕೂ ಆಗಲ್ಲ. ಸುಲಭಕ್ಕೆ ಗೀರು ಬೀಳಲ್ಲ ನಿಜ, ಆದರೆ ಬಂಡೆಗೆ ಜೋರಾಗಿ ಬಡಿದರೆ ಗಾಜಿನ ಹಾಗೆ ಸೀಳಬಹುದು. ಅಳತೆ ಖಚಿತವಿಲ್ಲದೆ ಗುಟ್ಟಾಗಿ ಮಾಡಿಸೋ ಉಂಗುರಕ್ಕೆ ಚಿನ್ನ, ಬೆಳ್ಳಿಯೇ ಲೇಸು.

ಅಳತೆ ಕದಿಯೋಕೆ ಸುಲಭ ದಾರಿ, ಅವನು ಅದೇ ಬೆರಳಿಗೆ ಹಾಕೋ ಬೇರೆ ಉಂಗುರ. ಒಳವ್ಯಾಸವನ್ನ ವರ್ನಿಯರ್‌ನಲ್ಲಿ ಹಿಡಿದು 3.14ರಿಂದ ಗುಣಿಸಿದರೆ ಒಳಸುತ್ತಳತೆ ಮಿಲಿಮೀಟರಿನಲ್ಲಿ ಬರುತ್ತೆ. ವ್ಯಾಸದಲ್ಲಿ 1 ಮಿಲಿಮೀಟರ್ ತಪ್ಪಿದರೂ ಉಂಗುರ ಒಂದೋ ಗೆಣ್ಣು ದಾಟಲ್ಲ, ಇಲ್ಲಾ ಜಾರುತ್ತೆ. ಯಾವ ಕೈ ಅನ್ನೋದನ್ನೂ ನೋಡಿಕೊಳ್ಳಿ. ದಿನಾ ದುಡಿಯೋ ಕೈಯ ಬೆರಳು ಸಾಮಾನ್ಯವಾಗಿ ಕೊಂಚ ದಪ್ಪ.

ಚಳಿಗೆ ಬೆರಳು ಸಣ್ಣಗಾಗುತ್ತೆ. ಮನೆಯೊಳಗೆ ಸರಿಯಾಗಿ ಕೂತ ಉಂಗುರ 8 ಡಿಗ್ರಿಯಲ್ಲಿ, ಅದೂ ಪಾತ್ರೆ ತೊಳೆದ ಒದ್ದೆ ಕೈಯಲ್ಲಿ, ಗೊತ್ತೇ ಆಗದೆ ಜಾರುತ್ತೆ. ಅವನು ಹಾಕಿಕೊಂಡು ಒಂದಷ್ಟು ಹೊತ್ತು ಖುಷಿ ಪಡಲಿ, ಆಮೇಲೆ ತೆಗೆದು ಒಳಗಿಡಿ. ಬೇಕಿದ್ದರೆ ಉಳಿದ ದಿನಕ್ಕೆ ರಬ್ಬರಿನಂಥ ಸಿಲಿಕೋನ್ ಉಂಗುರ ಸಾಕು.

ಒಯ್ಯೋದು ಹೀಗೆ. ಡಬ್ಬಿ ಮನೆಯಲ್ಲೇ ಇರಲಿ, ಜೇಬಲ್ಲಿ ಅದರ ಉಬ್ಬು ಒಂದು ಅಪ್ಪುಗೆಯಲ್ಲೇ ಗುಟ್ಟು ಬಿಚ್ಚುತ್ತೆ. ಒಂದು ಗೇಣು ಉದ್ದದ, ಎದ್ದು ಕಾಣೋ ಕೆಂಪು ಅಥವಾ ಹಳದಿ ದಾರ ತಗೊಂಡು ತುದಿಯಲ್ಲಿ ಉಂಗುರಕ್ಕಿಂತ ದೊಡ್ಡ ಕುಣಿಕೆ ಮಾಡಿ. ಕುಣಿಕೆಯನ್ನ ಉಂಗುರದೊಳಗೆ ತೂರಿಸಿ, ಅಗಲಿಸಿ, ಉಂಗುರದ ಮೇಲಿಂದಲೇ ದಾಟಿಸಿ ಎಳೆಯಿರಿ. ಕಚ್ಚಿಕೊಳ್ಳುತ್ತೆ. ದಾರದ ಇನ್ನೊಂದು ತುದಿ ಜಿಪ್ ಇರೋ ಜೇಬಿನ ಒಳಗಿನ ಹೊಲಿಗೆಗೆ ಕಟ್ಟಿ. ತೆಗೆಯುವಾಗ ಕುಣಿಕೆ ಸಡಿಲಿಸಿ ಹಿಂದಕ್ಕೆ ದಾಟಿಸಿದರೆ ಮುಗೀತು. ಮರಗಟ್ಟಿದ ಬೆರಳಲ್ಲಿ ಗಂಟು ಬಿಚ್ಚೋ ಪಾಡಿಲ್ಲ. ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಹತ್ತು ಸಲ ಅಭ್ಯಾಸ ಮಾಡಿ.

ಜೇಬು ಮೈಮೇಲಿನ ಬಟ್ಟೆಯದ್ದೇ ಆಗಿರಲಿ, ಬ್ಯಾಗಿನದ್ದು ಬೇಡ. ಕ್ಯಾಂಪಲ್ಲಿ ಬ್ಯಾಗ್ ಎಲ್ಲರ ಆಸ್ತಿ, ಟಾರ್ಚ್ ಹುಡುಕೋ ನೆಪದಲ್ಲಿ ಯಾರು ಬೇಕಾದರೂ ಕೈ ಹಾಕ್ತಾರೆ. ಪ್ರಥಮ ಚಿಕಿತ್ಸೆ ಡಬ್ಬಿಯಂತೂ ಬೇಡವೇ ಬೇಡ.

ಇರುಳುನಡಿಗೆ

ಮೇಲಿನದಕ್ಕೆ ಒಂದು ಸೇರ್ಪಡೆ: ಪ್ರಯಾಣದಲ್ಲಿ ಸ್ಯಾನಿಟರಿ ಪ್ಯಾಡ್ ಇಡೋ ಚೀಲಕ್ಕಿಂತ ಭದ್ರವಾದ ತಿಜೋರಿ ಇಲ್ಲ. ಯಾರೂ ಮುಟ್ಟಲ್ಲ.

ಉಂಗುರ ಬಿದ್ದೇಬಿಟ್ಟರೆ ಎಲ್ಲಕ್ಕಿಂತ ಮೊದಲು ಕಾಲು ಅಲುಗಾಡಿಸಬೇಡಿ. ಹುಲ್ಲಲ್ಲಿ ಕಳೆದ ಉಂಗುರವನ್ನ ಮಣ್ಣಿಗೆ ತುಳಿಯೋದು ಹುಡುಕೋರೇ. ನಿಂತ ಜಾಗಕ್ಕೆ ಟೋಪಿ ಇಟ್ಟು ಗುರುತು ಮಾಡಿ. ಒಬ್ಬರೇ ಮಂಡಿಯೂರಿ, ಟಾರ್ಚನ್ನ ನೆಲಕ್ಕೆ ತಾಗೋ ಹಾಗೆ ಮಲಗಿಸಿ ಹಿಡಿದು ಓರೆ ಬೆಳಕು ಹಾಯಿಸಿ. ಮೇಲಿಂದ ಬೆಳಕು ಬಿಟ್ಟರೆ ಎಲ್ಲ ಚಪ್ಪಟೆ ಕಾಣುತ್ತೆ, ಓರೆ ಬೆಳಕಿಗೆ ಲೋಹ ಮಿನುಗುತ್ತೆ, ಹಿಂದೆ ನೆರಳೂ ಬೀಳುತ್ತೆ. ಅರ್ಧ ಮೀಟರಿನ ಚೌಕ ಚೌಕವಾಗಿ ಮುಗಿಸಿಕೊಂಡು ಹೋಗಿ. ತರಗೆಲೆಯನ್ನ ಕೈಯಲ್ಲಿ ಕೆದಕಬೇಡಿ, ಹಿಡಿ ಹಿಡಿಯಾಗಿ ಒಂದು ಬಟ್ಟೆ ಮೇಲೆ ಹರಡಿ ನೋಡಿ.

ಅಲಂಕಾರದ ಯೋಚನೆ ಇದ್ದರೆ ಬ್ಯಾಟರಿ ದೀಪದ ಸರ ಮಾತ್ರ. ಹಾರುವ ಆಕಾಶದೀಪ ಹಚ್ಚಬೇಡಿ, ಉರಿಯೋ ಬತ್ತಿ ಎಲ್ಲಿ ಇಳಿಯುತ್ತೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಬೆಂಕಿ ಹಾಕೋಕೆ ಅನುಮತಿ ಇರೋ ಜಾಗವಾದರೂ ಮಲಗೋ ಮುಂಚೆ ನೀರು ಸುರಿದು, ಕೋಲಲ್ಲಿ ಕಲಕಿ, ಮತ್ತೆ ಸುರಿದು, ಬೂದಿ ಕೈಗೆ ತಣ್ಣಗೆ ತಾಗೋವರೆಗೂ ಬಿಡಬೇಡಿ. ಮೇಲೆ ಮಣ್ಣು ಮುಚ್ಚಿದರೆ ಕೆಂಡ ಒಳಗೇ ಬದುಕಿರುತ್ತೆ.

ಹೊಂಬಿಸಿಲು

ಆರ್ಡರ್ ಕೊಟ್ಟಿದ್ದು ಟಂಗ್‌ಸ್ಟನ್ನೇ! ಇವತ್ತೇ ಬದಲಾಯಿಸ್ತೀನಿ. ಶನಿವಾರ ಸಂಜೆ, ಇಬ್ಬರೇ, ಒಪ್ಪಿದೆ. ಹಾಗಾದರೆ ವಿಡಿಯೊ ಹೇಗೆ? ಪೊದೆ ಹಿಂದೆ ಒಬ್ಬರನ್ನ ಅಡಗಿಸೋದಾ? ಸ್ನೇಹಿತರಿಗೆ ಎಷ್ಟು ಹೇಳಲಿ?

ಮೂರುಕಾಲು

ಒಬ್ಬರಿಗೆ ಮಾತ್ರ ಹೇಳಿ. ನಾಲ್ವರಿಗೂ ಗೊತ್ತಾದರೆ ಶನಿವಾರ ಮಧ್ಯಾಹ್ನದಿಂದಲೇ ಎಲ್ಲರ ಮುಖದಲ್ಲೂ ಒಂದು ಮುಸಿನಗು ಶುರುವಾಗುತ್ತೆ, ಅವನಿಗೆ ಅಷ್ಟೇ ಸಾಕು. ಆ ಒಬ್ಬರ ಕೆಲಸ, ಉಳಿದವರು ನಿಮ್ಮ ಹಿಂದೆ ಬರದ ಹಾಗೆ ಸೌದೆ, ಅಡುಗೆ ಅಂತ ಹಿಡಿದಿಡೋದು.

ಪೊದೆ ಹಿಂದೆ ಯಾರೂ ಬೇಡ. ಹಗುರ ಟ್ರೈಪಾಡ್ ಒಯ್ದು "ಸಂಜೆ ಬೆಳಕಿನ ಟೈಮ್‌ಲ್ಯಾಪ್ಸ್" ಅಂತ ಹೇಳಿ ಇಡಿ, ಅನುಮಾನ ಬರಲ್ಲ. ಗಾಬರಿಯಲ್ಲಿ ಹೇಳಿದ್ದನ್ನೇ ಮಾಡಿಬಿಡಬೇಡಿ ಮತ್ತೆ! ಟೈಮ್‌ಲ್ಯಾಪ್ಸ್ ಒತ್ತಿದರೆ ಮಾತಿಲ್ಲದ, ಓಡೋಡಿ ಮುಗಿಯೋ ಅರ್ಧ ನಿಮಿಷದ ತುಣುಕು ಸಿಗುತ್ತೆ ಅಷ್ಟೇ.

ಫೋನ್ ಅಡ್ಡ ಕೂರಿಸಿ, ಎದೆ ಎತ್ತರದಲ್ಲಿ, ನೀವು ನಿಲ್ಲೋ ಜಾಗದಿಂದ ಸುಮಾರು 4 ಮೀಟರ್ ದೂರ. 1 ಎಕ್ಸ್ ಲೆನ್ಸ್ (ಜೂಮ್ ಮಾಡದ ಮಾಮೂಲಿ ಲೆನ್ಸ್) ಸಾಕು, ಮಂಡಿಯೂರಿದರೂ ಎದ್ದು ಅಪ್ಪಿಕೊಂಡರೂ ಚೌಕಟ್ಟಿನೊಳಗೇ ಇರ್ತೀರಿ. ಬೆಳಿಗ್ಗೆ ಜಾಗ ನೋಡೋಕೆ ಹೋದಾಗಲೇ ನಿಲ್ಲೋ ಜಾಗಕ್ಕೊಂದು ಕಲ್ಲು ಗುರುತಿಡಿ. ಸೂರ್ಯ ಕ್ಯಾಮೆರಾದ ಹಿಂಬದಿಗೆ, ಸ್ವಲ್ಪ ಪಕ್ಕಕ್ಕೆ ಇರಲಿ. ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ಎರಡು ಕಪ್ಪು ಆಕೃತಿ ಮಾತ್ರ ಬರುತ್ತೆ. ಇಬ್ಬರೂ ಎದುರುಬದುರಾಗಿ, ಕ್ಯಾಮೆರಾಗೆ ಮಗ್ಗುಲಾಗಿ ನಿಂತರೆ ಎರಡು ಮುಖವೂ ಸಿಗುತ್ತೆ.

ಹೊರಡೋ ಮುಂಚೆ ಲೆನ್ಸ್ ಒರೆಸಿ, ಕ್ಯಾಂಪಲ್ಲಿ ಎಣ್ಣೆ ಕೈ, ಸನ್‌ಸ್ಕ್ರೀನ್ ಕೈ ಎಲ್ಲ ಅದಕ್ಕೇ ತಾಗಿರುತ್ತೆ. ಏರೋಪ್ಲೇನ್ ಮೋಡ್ ಹಾಕಿ, ಕರೆ ಬಂದರೆ ರೆಕಾರ್ಡಿಂಗ್ ನಿಲ್ಲಬಹುದು. ಪರದೆ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. 20 ನಿಮಿಷ ಬಿಟ್ಟರೂ 1080ಪಿಯಲ್ಲಿ ಸುಮಾರು 1ರಿಂದ 3 ಜಿಬಿ, ಫೋನಿಗೆ ತಕ್ಕ ಹಾಗೆ. 10 ಜಿಬಿ ಖಾಲಿ ಇಟ್ಟುಕೊಂಡರೆ ಚಿಂತೆ ಇಲ್ಲ.

ಎಲ್ಲರೂ ಮರೆಯೋದು ಧ್ವನಿ. 4 ಮೀಟರ್ ದೂರದ ಮೈಕ್‌ಗೆ ಗಾಳಿ ಕೇಳುತ್ತೆ, ನಿಮ್ಮ ಪಿಸುಮಾತು ಕೇಳಲ್ಲ. ಗುಟ್ಟು ಗೊತ್ತಿರೋ ಸ್ನೇಹಿತರ ಫೋನನ್ನ ಸಾಲ ತಗೊಂಡು ವಾಯ್ಸ್ ರೆಕಾರ್ಡರ್ ಹಾಕಿ ನಿಮ್ಮ ಜಾಕೆಟ್‌ನ ಎದೆ ಜೇಬಲ್ಲಿಡಿ. ಮುಖ್ಯ ಮೈಕ್ ಫೋನಿನ ಬುಡದಲ್ಲಿರುತ್ತೆ, ಹಾಗಾಗಿ ತಲೆಕೆಳಗಾಗಿ ಇಡಬೇಕು. ಚಿತ್ರಕ್ಕೆ ಧ್ವನಿ ಕೂಡಿಸೋಕೆ ಶುರುವಿನಲ್ಲಿ ಯಾವುದಾದರೂ ನೆಪಕ್ಕೆ ಒಂದು ಚಪ್ಪಾಳೆ ತಟ್ಟಿ, ಸೊಳ್ಳೆ ಹೊಡೆದ ಹಾಗೆ.

ಮುಗಿದ ಕೂಡಲೇ ಕ್ಯಾಮೆರಾ ಓಡ್ತಿತ್ತು ಅಂತ ಅವನಿಗೆ ಹೇಳಿಬಿಡಿ. ಯಾರಿಗೆ ತೋರಿಸೋದು ಅನ್ನೋದು ಇಬ್ಬರೂ ಕೂತು ತೀರ್ಮಾನಿಸೋ ಮಾತು.

ಇರುಳುನಡಿಗೆ

ಹತ್ತು ವರ್ಷದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಪ್ರಪೋಸ್ ಆದಮೇಲೆ ಸ್ನೇಹಿತರಿಗೆ ಕಥೆ ಹೇಳೋಕೆ ಮುಂಚೆ, ಅಲ್ಲೇ ಕೂತು ಇಬ್ಬರೂ ಬೇರೆ ಬೇರೆ ಕಾಗದದಲ್ಲಿ ಹತ್ತು ಸಾಲು ಬರೆಯಿರಿ: ಯಾರು ಏನಂದರು, ಯಾವ ಪದ ತೊದಲಿತು, ಯಾವ ವಾಸನೆ ಇತ್ತು, ಕಾಲಡಿ ಏನು ಚುಚ್ಚುತ್ತಿತ್ತು. ನಾಲ್ಕು ಜನರಿಗೆ ನಾಲ್ಕು ಸಲ ಹೇಳಿದ ಮೇಲೆ ಹೇಳಿದ ಕಥೆಯೇ ನೆನಪಾಗಿ ಕೂತುಬಿಡುತ್ತೆ, ನಡೆದದ್ದು ಹಿಂದೆ ಸರಿಯುತ್ತೆ. ಪೆನ್ಸಿಲ್ ಒಯ್ಯಿರಿ. ತೇವ ತಾಗಿದರೆ ಪೆನ್ನಿನ ಶಾಯಿ ಹರಡಬಹುದು, ಪೆನ್ಸಿಲ್ ಬರಹ ಹಾಗೇ ನಿಲ್ಲುತ್ತೆ.

ಜಾಗದ ಗುರುತಿಗೆ ಮರದ ಮೇಲೆ ಹೆಸರು ಕೆತ್ತಬೇಡಿ, ತೊಗಟೆ ಗಾಯದಿಂದ ಮರಕ್ಕೆ ರೋಗ ಹತ್ತುತ್ತೆ. ಮ್ಯಾಪ್ ಆ್ಯಪ್‌ನಲ್ಲಿ ಅಕ್ಷಾಂಶ, ರೇಖಾಂಶ ನೋಡಿ ಅದೇ ಕಾಗದದಲ್ಲಿ ಬರೆದುಕೊಳ್ಳಿ. ಐದು ದಶಮಾಂಶ ಸ್ಥಾನ ಸಾಕು, ಅಂದರೆ ಸುಮಾರು 1 ಮೀಟರ್. ಫೋನಿನ ಜಿಪಿಎಸ್‌ಗೆ ಬಯಲಲ್ಲೇ ಕೆಲವು ಮೀಟರ್ ಹೆಚ್ಚುಕಡಿಮೆ ಇರುತ್ತೆ, ಮರದಡಿ ಇನ್ನೂ ಜಾಸ್ತಿ. ಅದಕ್ಕೇ ಕಲ್ಲೋ ಮರವೋ ಕಾಣೋ ಹಾಗೆ ನಾಲ್ಕು ದಿಕ್ಕಿನ ಫೋಟೊ ಕೂಡ ತೆಗೆಯಿರಿ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತೆ, ಮ್ಯಾಪ್ ಮಾತ್ರ ಮೊದಲೇ ಡೌನ್‌ಲೋಡ್ ಮಾಡಿರಬೇಕು.

ವಿಡಿಯೊನ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಹಾಗೆ ಕಳಿಸಿ ಮೂಲ ಅಳಿಸಿದರೆ ಉಳಿಯೋದು ಹಿಂಡಿ ಗುಣಮಟ್ಟ ಇಳಿಸಿದ ಪ್ರತಿ. ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಭಾನುವಾರ ಮನೆ ಸೇರಿದ ಮೇಲೆ, ಒದ್ದೆ ಟೆಂಟ್ ಒಣಹಾಕಿ, ಮಲಗೋ ಮುಂಚೆ ಮೂಲ ಫೈಲನ್ನ ಎರಡು ಕಡೆ ಕಾಪಿ ಮಾಡಿಡಿ.